ಗುದನಾಳದ ಕ್ಯಾನ್ಸರ್: ಚೀಲ ತಪ್ಪಿದರೆ ಗೆದ್ದಂತೆಯೇ? ವಿಕ್ರೋಳಿಯಲ್ಲಿ ನಿಂತು ನೋಡಿದರೆ ಲೆಕ್ಕವೇ ಬೇರೆ

ಮುಂಬೈ: "ಗಡ್ಡೆ ಪೂರ್ತಿ ತೆಗೆದಿದ್ದೇವೆ, ಶಾಶ್ವತ ಚೀಲದ ಅಗತ್ಯವೂ ಬರಲಿಲ್ಲ." ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ನಡೆದ ದಿನ ಥಿಯೇಟರ್ ಹೊರಗೆ ಕಾದು ಕುಳಿತ ಮನೆಯವರಿಗೆ ಇದಕ್ಕಿಂತ ಸಮಾಧಾನದ ಮಾತು ಇನ್ನೊಂದಿಲ್ಲ. ಹೊಟ್ಟೆಯ ಮೇಲೆ ರಂಧ್ರ ಮಾಡಿ, ಅದಕ್ಕೆ ಚೀಲ ಅಂಟಿಸಿ, ಜೀವನಪೂರ್ತಿ ಮಲವನ್ನು ಅದರಲ್ಲೇ ಸಂಗ್ರಹಿಸಬೇಕಾದ ಸ್ಥಿತಿಗೆ ರೋಗಿಗಳು ಕ್ಯಾನ್ಸರ್‌ಗೆ ಹೆದರಿದಷ್ಟೇ ಹೆದರುತ್ತಾರೆ. ಆ ಚೀಲವನ್ನು ತಪ್ಪಿಸುವ, ಗುದದ್ವಾರದ ಬಿಗಿಸ್ನಾಯುವನ್ನು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಕಳೆದ ನಾಲ್ಕು ದಶಕಗಳಲ್ಲಿ ಬಹಳ ಮುಂದುವರಿದಿದೆ. ಕ್ಯಾನ್ಸರ್ ನಿಯಂತ್ರಣದ ವಿಷಯದಲ್ಲಿ ಅದರ ಫಲಿತಾಂಶವೂ ಚೆನ್ನಾಗಿದೆ.

ಆದರೆ ರೋಗಿ ಮನೆಗೆ ಬಂದ ಮೇಲೆ ಏನಾಗುತ್ತದೆ? ಸ್ನಾಯು ಉಳಿದ ಮಾತ್ರಕ್ಕೆ ಮೊದಲಿನ ಬದುಕು ಮರಳುತ್ತದೆಯೇ? ಸ್ವಂತ ಶೌಚಾಲಯ ಇಲ್ಲದ ಮನೆ, ಶೌಚಾಲಯವೇ ಇಲ್ಲದ ಲೋಕಲ್ ರೈಲು, ರಜೆ ಕೇಳಿದರೆ ಕೂಲಿ ಹೋಗುವ ಕೆಲಸ, ಇವುಗಳ ನಡುವೆ ಬದುಕುವವರಿಗೆ ಈ ಪ್ರಶ್ನೆ ಸಣ್ಣದಲ್ಲ. ಮುಂಬೈನ ಪೂರ್ವ ಉಪನಗರ ವಿಕ್ರೋಳಿಯನ್ನು ಎದುರಿಗಿಟ್ಟುಕೊಂಡು ಈ ಚಿಕಿತ್ಸೆಯ ಲಾಭ-ನಷ್ಟದ ಲೆಕ್ಕ ಇಲ್ಲಿದೆ.

ವಿಕ್ರೋಳಿಯಿಂದ ಪರೇಲ್‌ಗೆ: ಏಳು ನಿಲ್ದಾಣಗಳ ದಾರಿ

ವಿಕ್ರೋಳಿಯಲ್ಲಿ ಎರಡು ಊರುಗಳಿವೆ ಎಂದರೂ ತಪ್ಪಿಲ್ಲ. ಹಳಿಯ ಪೂರ್ವಕ್ಕೆ ಗೋದ್ರೆಜ್ ಕಾಲೋನಿ, ಕನ್ನಮ್ವಾರ್ ನಗರ, ಟ್ಯಾಗೋರ್ ನಗರದ ವಸತಿ ಕಟ್ಟಡಗಳು. ಪಶ್ಚಿಮಕ್ಕೆ ಎಲ್‌ಬಿಎಸ್ ರಸ್ತೆ ದಾಟಿದರೆ ಪಾರ್ಕ್‌ಸೈಟ್, ಸೂರ್ಯನಗರದ ಗುಡ್ಡದ ಮೈಗೆ ಅಂಟಿಕೊಂಡ ಚಾಳುಗಳು. 2021ರ ಜುಲೈ ಮಳೆಯಲ್ಲಿ ಭೂಕುಸಿತವಾಗಿ ಜೀವಗಳು ಹೋಗಿದ್ದು ಇದೇ ಸೂರ್ಯನಗರದಲ್ಲಿ. 2011ರ ಜನಗಣತಿ ಪ್ರಕಾರ ಮುಂಬೈ ಜನರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಕೊಳೆಗೇರಿ ಪ್ರದೇಶಗಳಲ್ಲಿದ್ದರು. ಇಂಥ ಹಲವು ಕಡೆ ಇಂದಿಗೂ ಸಾರ್ವಜನಿಕ ಶೌಚಾಲಯವೇ ಗತಿ, ಬೆಳಿಗ್ಗೆ ಹೊತ್ತು ಅಲ್ಲಿ ಸರದಿ ಸಾಲು.

ಕ್ಯಾನ್ಸರ್ ಎಂದು ಗೊತ್ತಾದಾಗ ಇಲ್ಲಿನವರು ಸಾಮಾನ್ಯವಾಗಿ ಹತ್ತುವುದು ಸೆಂಟ್ರಲ್ ಲೈನಿನ ಸ್ಲೋ ಲೋಕಲ್. ಘಾಟ್‌ಕೋಪರ್, ವಿದ್ಯಾವಿಹಾರ್, ಕುರ್ಲಾ, ಸಯಾನ್, ಮಾಟುಂಗಾ, ದಾದರ್ ದಾಟಿದರೆ ಏಳನೆಯದು ಪರೇಲ್. 1941ರ ಫೆಬ್ರವರಿ 28ರಂದು ಉದ್ಘಾಟನೆಯಾದ ಟಾಟಾ ಮೆಮೋರಿಯಲ್ ಆಸ್ಪತ್ರೆ ಇರುವುದು ಅಲ್ಲೇ. 1962ರಿಂದ ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಕುಂದಾಪುರದಿಂದ ಕಲಬುರಗಿವರೆಗೆ ಕರ್ನಾಟಕದ ರೋಗಿಗಳೂ ಇದೇ ಆಸ್ಪತ್ರೆ ಹುಡುಕಿಕೊಂಡು ಬಂದು, ಮುಂಬೈಯಲ್ಲಿರುವ ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದುಂಟು.

ಪಾರ್ಕ್‌ಸೈಟ್‌ನ ಅಂಥದ್ದೊಂದು ಮನೆಯ, ಐವತ್ತರ ಆಸುಪಾಸಿನ ಹೋಟೆಲ್ ಕೆಲಸಗಾರನನ್ನು ಊಹಿಸಿಕೊಳ್ಳಿ. ಆಪರೇಷನ್ ಮುಗಿದಿದೆ, ಕೀಮೋ ಮುಗಿದಿದೆ, ಚೀಲ ಇಲ್ಲ. ವರದಿಯಲ್ಲಿ ಕ್ಯಾನ್ಸರ್‌ನ ಸುಳಿವಿಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ಇದು ಪೂರ್ಣ ಯಶಸ್ಸು. ಆದರೆ ಬೆಳಿಗ್ಗೆ ಐದರಿಂದ ಏಳರ ನಡುವೆ ಆತ ನಾಲ್ಕು ಸಲ ಶೌಚಕ್ಕೆ ಹೋಗಬೇಕು. ಒತ್ತಡ ಬಂದರೆ ತಡೆಯುವ ವ್ಯವಧಾನ ಎರಡು-ಮೂರು ನಿಮಿಷ ಮಾತ್ರ. ಶೌಚಾಲಯ ಇರುವುದು ಗುಡ್ಡದ ಕೆಳಗೆ, ಮೆಟ್ಟಿಲು ಇಳಿದ ಮೇಲೆ. ಈತ ಮತ್ತೆ ಕೆಲಸಕ್ಕೆ ಹೋಗಬಲ್ಲನೇ? ಈ ಪ್ರಶ್ನೆಗೆ ಉತ್ತರ ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಇರುವುದಿಲ್ಲ.

ಚೀಲ ಯಾಕೆ ಬೇಕಾಗುತ್ತದೆ?

ದೊಡ್ಡ ಕರುಳಿನ ಕೊನೆಯ ಸುಮಾರು 12ರಿಂದ 15 ಸೆಂಟಿಮೀಟರ್ ಭಾಗವೇ ಗುದನಾಳ. ಮಲ ಹೊರಹೋಗುವ ತನಕ ಅದನ್ನು ಹಿಡಿದಿಟ್ಟುಕೊಳ್ಳುವ ಉಗ್ರಾಣ ಇದು. ಅದರ ಬಾಯಿಗೆ ಎರಡು ಸುತ್ತಿನ ಬಿಗಿಸ್ನಾಯುಗಳಿವೆ, ಇವುಗಳಿಗೆ ಸ್ಫಿಂಕ್ಟರ್ ಎಂದು ಹೆಸರು. ಒಳಗಿನದು ನಮ್ಮ ಗಮನವಿಲ್ಲದೆಯೇ ಹಗಲು-ರಾತ್ರಿ ಬಿಗಿಯಾಗಿರುತ್ತದೆ. ಹೊರಗಿನದನ್ನು ನಾವೇ ಬೇಕೆಂದಾಗ ಬಿಗಿ ಮಾಡಬಹುದು. ಬಸ್ಸಿನಲ್ಲಿ ಕುಳಿತಾಗ ಒತ್ತಡ ಬಂದರೂ ಮನೆ ತಲುಪುವ ತನಕ ತಡೆದುಕೊಳ್ಳಲು ಸಾಧ್ಯವಾಗುವುದು ಉಗ್ರಾಣ ಮತ್ತು ಸ್ನಾಯು ಎರಡೂ ಸೇರಿ ಕೆಲಸ ಮಾಡುವುದರಿಂದ.

ಗಡ್ಡೆ ಮೇಲ್ಭಾಗದಲ್ಲಿದ್ದರೆ ಅದನ್ನು ತೆಗೆದು ಕರುಳನ್ನು ಮತ್ತೆ ಜೋಡಿಸುವುದು ಕಷ್ಟವಲ್ಲ. ಗುದದ್ವಾರದಿಂದ ನಾಲ್ಕೈದು ಸೆಂಟಿಮೀಟರ್ ಒಳಗೇ ಇದ್ದರೆ ಸಮಸ್ಯೆ ಶುರು.

1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ಗುದನಾಳ ಮತ್ತು ಗುದದ್ವಾರ ಎರಡನ್ನೂ ತೆಗೆದು ಶಾಶ್ವತ ಸ್ಟೋಮಾ ಮಾಡುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೂ ಮುಂಚಿನ ಸಣ್ಣ ಆಪರೇಷನ್‌ಗಳಲ್ಲಿ ಬಹುತೇಕ ಎಲ್ಲ ರೋಗಿಗಳಿಗೂ ಕ್ಯಾನ್ಸರ್ ಮರುಕಳಿಸುತ್ತಿತ್ತು. ಹಾಗಾಗಿ ಮೈಲ್ಸ್ ವಿಧಾನ ದಶಕಗಳ ಕಾಲ ನಿಯಮವೇ ಆಯಿತು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್ 400 ರೋಗಿಗಳ ಅನುಭವ ಮುಂದಿಟ್ಟು, ಗಡ್ಡೆ ಮೇಲ್ಭಾಗದಲ್ಲಿದ್ದರೆ ಗುದದ್ವಾರವನ್ನು ಬಲಿ ಕೊಡಬೇಕಿಲ್ಲ ಎಂದು ತೋರಿಸಿದರು. 1970ರ ದಶಕದ ನಂತರ ಬಂದ ಸ್ಟೇಪ್ಲರ್ ಯಂತ್ರಗಳು ಕೈಗೆಟುಕದ ಆಳದಲ್ಲೂ ಕರುಳನ್ನು ಜೋಡಿಸುವುದನ್ನು ಸುಲಭ ಮಾಡಿದವು.

ದೊಡ್ಡ ತಿರುವು ಕೊಟ್ಟಿದ್ದು 1982. ಬ್ರಿಟನ್ನಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್, ಗುದನಾಳದ ಸುತ್ತಲಿನ ಕೊಬ್ಬಿನ ಪದರವನ್ನು ಹರಿಯದಂತೆ ಇಡಿಯಾಗಿ ತೆಗೆಯಬೇಕು ಎಂದು ಪ್ರತಿಪಾದಿಸಿದರು. ಕ್ಯಾನ್ಸರ್ ಕೋಶಗಳು ಉಳಿದುಕೊಳ್ಳುವುದು ಹೆಚ್ಚಾಗಿ ಆ ಪದರದಲ್ಲೇ. ಗಡ್ಡೆಯ ಕೆಳಗೆ 5 ಸೆಂಟಿಮೀಟರ್ ಆರೋಗ್ಯಕರ ಕರುಳನ್ನೂ ಕತ್ತರಿಸಬೇಕು ಎಂಬ ಹಳೆಯ ನಿಯಮ 2 ಸೆಂಟಿಮೀಟರ್‌ಗೆ ಇಳಿಯಿತು. ಮೊದಲೇ ರೇಡಿಯೇಷನ್ ಕೊಟ್ಟ ಆಯ್ದ ರೋಗಿಗಳಲ್ಲಿ 1 ಸೆಂಟಿಮೀಟರ್ ಕೂಡ ಸಾಕು ಎಂಬ ಹಂತ ಬಂತು. 1994ರಲ್ಲಿ ವಿಯೆನ್ನಾದ ರುಡಾಲ್ಫ್ ಶೀಸೆಲ್ ತಂಡ, ಒಳಗಿನ ಸ್ನಾಯುವನ್ನು ಮಾತ್ರ ತೆಗೆದು ಹೊರಗಿನದನ್ನು ಉಳಿಸುವ ವಿಧಾನವನ್ನು ವರದಿ ಮಾಡಿತು. ಗುದದ್ವಾರದ ಅಂಚಿನವರೆಗೆ ಇಳಿದ ಗಡ್ಡೆಗೂ ಚೀಲ ತಪ್ಪಿಸುವ ದಾರಿ ತೆರೆಯಿತು.

ಕ್ಯಾನ್ಸರ್ ಲೆಕ್ಕದಲ್ಲಿ ಫಲಿತಾಂಶ ಉತ್ತಮ

ಸ್ನಾಯು ಉಳಿಸಲು ಹೋಗಿ ಕ್ಯಾನ್ಸರ್ ಉಳಿದುಬಿಟ್ಟರೆ? ಈ ಆತಂಕಕ್ಕೆ ಅಧ್ಯಯನಗಳು ಕೊಡುವ ಉತ್ತರ ಬಹುಪಾಲು ಸಮಾಧಾನಕರ.

• 2001ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ, ಆಪರೇಷನ್‌ಗೆ ಮುಂಚೆ ಅಲ್ಪಾವಧಿಯ ರೇಡಿಯೇಷನ್ ಪಡೆದವರಲ್ಲಿ ಎರಡು ವರ್ಷದೊಳಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಶೇ. 2.4 ಮಂದಿಗೆ. ಆಪರೇಷನ್ ಮಾತ್ರ ಆದವರಲ್ಲಿ ಇದು ಶೇ. 8.2.

• 2004ರ ಜರ್ಮನ್ ಅಧ್ಯಯನದಲ್ಲಿ ಕೀಮೋ-ರೇಡಿಯೇಷನ್ ಅನ್ನು ಆಪರೇಷನ್‌ಗೆ ಮೊದಲೇ ಕೊಟ್ಟಾಗ ಐದು ವರ್ಷದಲ್ಲಿ ಮರುಕಳಿಕೆ ಶೇ. 6. ನಂತರ ಕೊಟ್ಟಾಗ ಶೇ. 13. ಒಟ್ಟು ಬದುಕುಳಿಯುವ ಪ್ರಮಾಣದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

• ಒಳಸ್ನಾಯು ಮಾತ್ರ ತೆಗೆಯುವ ಆಪರೇಷನ್ ಬಗ್ಗೆ 14 ಅಧ್ಯಯನಗಳ 1,289 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಮರ್ಶೆ 2012ರಲ್ಲಿ ಪ್ರಕಟವಾಯಿತು. ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಸರಾಸರಿ ಶೇ. 6.7. ಐದು ವರ್ಷ ಬದುಕುಳಿದವರು ಶೇ. 86ರಷ್ಟು.

ಇದರಲ್ಲಿ ಒಂದು ಷರತ್ತಿದೆ. ಇವು ಸರಿಯಾಗಿ ಆಯ್ಕೆ ಮಾಡಿದ ರೋಗಿಗಳ ಫಲಿತಾಂಶ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಗಡ್ಡೆ ಹೊರಗಿನ ಸ್ನಾಯುವಿಗೋ ಸೊಂಟದ ತಳದ ಸ್ನಾಯುವಿಗೋ ತಗುಲಿರುವುದು ಕಂಡರೆ, ಅಲ್ಲಿ ಚೀಲ ತಪ್ಪಿಸುವ ಹಟ ಪ್ರಾಣಕ್ಕೇ ಕುತ್ತು. "ಏನಾದರೂ ಮಾಡಿ ಡಾಕ್ಟ್ರೇ, ಚೀಲ ಮಾತ್ರ ಬೇಡ" ಎಂದು ಒತ್ತಾಯಿಸುವ ಕುಟುಂಬಗಳು ಗಮನಿಸಬೇಕಾದ ಮೊದಲ ಸಂಗತಿ ಇದು. ಚೀಲ ಬೇಡವೆಂದು ಒಂದೊಂದೇ ಆಸ್ಪತ್ರೆ ಬದಲಿಸುತ್ತಾ ಹೋದರೆ ಕಳೆದುಹೋಗುವುದು ಅಮೂಲ್ಯ ತಿಂಗಳುಗಳು.

ಸ್ನಾಯು ಉಳಿಯಿತು, ಉಗ್ರಾಣ ಹೋಯಿತು

ಈಗ ಲೆಕ್ಕದ ಇನ್ನೊಂದು ಬದಿ. ಮೇಲೆ ಹೇಳಿದ 2012ರ ವಿಮರ್ಶೆಯೇ ಹೇಳುವಂತೆ, ಆಪರೇಷನ್ ಆದವರಲ್ಲಿ ಮಲದ ಮೇಲೆ ಪೂರ್ಣ ಹಿಡಿತ ಇದ್ದದ್ದು ಸುಮಾರು ಅರ್ಧದಷ್ಟು ಮಂದಿಗೆ. ಶೇ. 29 ಮಂದಿಗೆ ಒಳಉಡುಪಿಗೆ ಮಲ ತಗಲುವ ತೊಂದರೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗ್ಯಾಸ್ ತಡೆಯಲಾಗುತ್ತಿರಲಿಲ್ಲ.

ಕಾರಣ ಸರಳ. ಉಳಿದಿರುವುದು ಬಾಗಿಲು ಮಾತ್ರ, ಹಿಂದಿದ್ದ ಉಗ್ರಾಣ ಹೋಗಿದೆ. ಅದರ ಜಾಗದಲ್ಲಿ ಎಳೆದು ಜೋಡಿಸಿದ ಕರುಳಿನ ಕೊಳವೆಗೆ ಮಲವನ್ನು ಹಿಡಿದಿಟ್ಟುಕೊಂಡು ಅಭ್ಯಾಸವಿಲ್ಲ. ರೇಡಿಯೇಷನ್‌ನಿಂದ ಅಂಗಾಂಶ ಗಟ್ಟಿಯಾಗಿ ಹಿಗ್ಗುವ ಗುಣ ಕಡಿಮೆಯಾಗಿರುತ್ತದೆ. ಬಂದಿರುವುದು ಮಲವೋ ಗಾಳಿಯೋ ಎಂದು ಗುರುತಿಸುವ ನರಗಳಿಗೂ ಪೆಟ್ಟು ಬಿದ್ದಿರುತ್ತದೆ. ಹೊಲಿಗೆ ಎಷ್ಟು ಕೆಳಗಿದೆಯೋ ತೊಂದರೆ ಅಷ್ಟು ಹೆಚ್ಚು. ಮೂತ್ರ ವಿಸರ್ಜನೆ ಮತ್ತು ಲೈಂಗಿಕ ಜೀವನದ ಮೇಲಾಗುವ ಪರಿಣಾಮ ಬೇರೆ. ಅದರ ಬಗ್ಗೆ ನಮ್ಮ ಕಡೆ ರೋಗಿಯೂ ಕೇಳುವುದಿಲ್ಲ, ವೈದ್ಯರೂ ಬಾಯಿ ಬಿಡುವುದು ಕಡಿಮೆ.

ಈ ತೊಂದರೆಗಳ ಗುಂಪಿಗೆ ವೈದ್ಯರು ಇಟ್ಟ ಹೆಸರು ಲಾರ್ಸ್. 2012ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಅದನ್ನು ಅಳೆಯಲು ಐದು ಪ್ರಶ್ನೆಗಳ ಪಟ್ಟಿ ರೂಪಿಸಿದರು. ಒಟ್ಟು 42 ಅಂಕ. 20ರವರೆಗೆ ಬಂದರೆ ತೊಂದರೆ ಇಲ್ಲ, 21ರಿಂದ 29 ಸೌಮ್ಯ, 30 ಮುಟ್ಟಿದರೆ ತೀವ್ರ. ನಂತರ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸ್ನಾಯು ಉಳಿಸಿದ ರೋಗಿಗಳಲ್ಲಿ ಸುಮಾರು ಶೇ. 40 ಮಂದಿ ತೀವ್ರ ಗುಂಪಿನಲ್ಲೇ ಇದ್ದರು. ಮೊದಲ ಒಂದೆರಡು ವರ್ಷ ಸುಧಾರಣೆ ಕಾಣುತ್ತದೆ. ಆಮೇಲೂ ಉಳಿದ ತೊಂದರೆ ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ.

42ರಲ್ಲಿ 27 ಅಂಕ: ವಿಕ್ರೋಳಿಗೆ ಮುಖ್ಯವಾದ ಲೆಕ್ಕ

ಈ ಅಂಕಪಟ್ಟಿಯಲ್ಲೇ ಒಂದು ಸ್ವಾರಸ್ಯವಿದೆ. ಐದು ಪ್ರಶ್ನೆಗಳಿಗೂ ಸಮಾನ ಅಂಕವಿಲ್ಲ. ಯಾವ ತೊಂದರೆ ರೋಗಿಯ ಬದುಕನ್ನು ಹೆಚ್ಚು ಕೆಡಿಸುತ್ತದೋ ಅದಕ್ಕೆ ಹೆಚ್ಚು ಅಂಕ. ನೀರಾದ ಮಲ ತಡೆಯಲಾಗದೆ ಸೋರುವುದಕ್ಕೆ ಗರಿಷ್ಠ 3 ಅಂಕ. ಗ್ಯಾಸ್ ತಡೆಯಲಾಗದ್ದಕ್ಕೆ 7. ದಿನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ 5. ಒಮ್ಮೆ ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದಕ್ಕೆ 11. ಒತ್ತಡ ಬಂದ ಕೂಡಲೇ ಓಡಬೇಕಾಗುವುದಕ್ಕೆ 16.

ಅಂದರೆ 42ರಲ್ಲಿ 27 ಅಂಕ ಎರಡೇ ಪ್ರಶ್ನೆಗಳಿಗೆ. ಮತ್ತೆ ಮತ್ತೆ ಹೋಗಬೇಕೇ? ಓಡಿಯೇ ಹೋಗಬೇಕೇ? ರೋಗಿಗಳು ಹೇಳಿಕೊಂಡ ಕಷ್ಟದ ಆಧಾರದ ಮೇಲೆ ನಿಗದಿಯಾದ ತೂಕ ಇದು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನೇ ತಜ್ಞ ವೈದ್ಯರ ಮುಂದಿಟ್ಟು ಕೇಳಿತು. ವೈದ್ಯರು ಸೋರಿಕೆಯೇ ದೊಡ್ಡ ಸಮಸ್ಯೆ ಎಂದುಕೊಂಡಿದ್ದರು. ರೋಗಿಗಳನ್ನು ಹಣ್ಣು ಮಾಡಿದ್ದ ಓಟ ಮತ್ತು ಪದೇಪದೇ ಹೋಗುವ ತೊಂದರೆಯ ತೂಕವನ್ನು ಅವರು ಕಡಿಮೆ ಅಂದಾಜಿಸಿದ್ದರು.

ಗಮನಿಸಿ, ಈ ಅಂಕಪಟ್ಟಿ ಹುಟ್ಟಿದ್ದು ಮನೆಮನೆಗೆ ಶೌಚಾಲಯವಿರುವ ಡೆನ್ಮಾರ್ಕ್‌ನಲ್ಲಿ. ಕೆಲವೇ ಹೆಜ್ಜೆ ದೂರದಲ್ಲಿ ಶೌಚಾಲಯವಿದ್ದವರಿಗೇ 'ಓಡಬೇಕಾಗುವುದು' ಅತಿ ದೊಡ್ಡ ಸಂಕಟ ಎನಿಸಿದ್ದರೆ, ಸರದಿಯಲ್ಲಿ ನಿಲ್ಲಬೇಕಾದವರ ಪಾಡೇನು? ವಿಕ್ರೋಳಿಯಿಂದ ಲೋಕಲ್ ಹತ್ತಿದವರು ಇಳಿದಲ್ಲದೆ ಶೌಚಾಲಯ ಕಾಣಲಾರರು, ಏಕೆಂದರೆ ಮುಂಬೈ ಲೋಕಲ್ ಬೋಗಿಗಳಲ್ಲಿ ಆ ಸೌಲಭ್ಯವೇ ಇಲ್ಲ. ಪೀಕ್ ಅವರ್‌ನಲ್ಲಿ ಮಧ್ಯದ ನಿಲ್ದಾಣದಲ್ಲಿ ಇಳಿಯುವುದೂ ಸಾಹಸ. ಹೋಟೆಲ್ ಅಡುಗೆಮನೆ, ಸೆಕ್ಯೂರಿಟಿ ಗೇಟು, ರಿಕ್ಷಾ, ಮನೆಗೆಲಸ, ಇವೆಲ್ಲ ಐದು ನಿಮಿಷ ಜಾಗ ಬಿಟ್ಟು ಹೋಗಲು ಬಿಡದ ಕೆಲಸಗಳು. ಮಹಿಳೆಯರ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ, ರಾತ್ರಿ ಹೊತ್ತು ಸಾರ್ವಜನಿಕ ಶೌಚಾಲಯಕ್ಕೆ ಒಬ್ಬರೇ ಹೋಗುವ ಭಯವೂ ಸೇರಿಕೊಳ್ಳುತ್ತದೆ.

ಫಲ, ಕೆಲವರು ಊಟ ಬಿಡುತ್ತಾರೆ. ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ಹಸಿದಿರುತ್ತಾರೆ. ಮದುವೆ-ಮುಂಜಿ, ಪೂಜೆ, ಯಕ್ಷಗಾನ, ಸಂಘದ ಸಭೆ ಒಂದೊಂದಾಗಿ ಬಿಟ್ಟುಹೋಗುತ್ತವೆ. ಹೊರಗಿನವರಿಗೆ ಮಾತ್ರ ಇವರು ಕ್ಯಾನ್ಸರ್ ಗೆದ್ದವರು.

'ತಾತ್ಕಾಲಿಕ ಚೀಲ' ಎಷ್ಟು ತಾತ್ಕಾಲಿಕ?

ಚೀಲವೇ ಬೇಡ ಎಂದು ಸ್ನಾಯು ಉಳಿಸುವ ಆಪರೇಷನ್‌ಗೆ ಒಪ್ಪಿದವರಲ್ಲಿ ಅನೇಕರಿಗೆ ಕೆಲವು ತಿಂಗಳಾದರೂ ಚೀಲ ತಪ್ಪುವುದಿಲ್ಲ. ಆಳದಲ್ಲಿ ಹಾಕಿದ ಹೊಲಿಗೆ ಒಣಗುವ ತನಕ ಮಲ ಅಲ್ಲಿಗೆ ಬರದಂತೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದಿಡಲಾಗುತ್ತದೆ. ಇದು ಸುಮ್ಮನೆ ಮಾಡುವುದಲ್ಲ. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ 234 ರೋಗಿಗಳ ಅಧ್ಯಯನದಲ್ಲಿ, ತಾತ್ಕಾಲಿಕ ಸ್ಟೋಮಾ ಇದ್ದವರಲ್ಲಿ ಹೊಲಿಗೆ ಬಿಟ್ಟಿದ್ದು ಶೇ. 10.3 ಮಂದಿಗೆ. ಇಲ್ಲದವರಲ್ಲಿ ಶೇ. 28. ಹೊಲಿಗೆ ಬಿಟ್ಟು ಹೊಟ್ಟೆಯೊಳಗೆ ಸೋಂಕಾದರೆ ಪ್ರಾಣಾಪಾಯ.

ಆದರೆ 'ತಾತ್ಕಾಲಿಕ' ಎಂದದ್ದು ಎಲ್ಲರಿಗೂ ತಾತ್ಕಾಲಿಕವಾಗಿ ಉಳಿಯುವುದಿಲ್ಲ. ನೆದರ್ಲೆಂಡ್ಸ್ ಅಧ್ಯಯನದ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ಸ್ಟೋಮಾವನ್ನು ಮುಚ್ಚಲು ಆಗಲೇ ಇಲ್ಲ. ಹೊಲಿಗೆ ಬಿಡುವುದು, ಕ್ಯಾನ್ಸರ್ ಮರಳುವುದು, ದೇಹ ಇನ್ನೊಂದು ಆಪರೇಷನ್ ತಾಳದಿರುವುದು ಇದಕ್ಕೆ ಕಾರಣಗಳು. ಸಣ್ಣ ಕರುಳಿನ ಸ್ಟೋಮಾದಲ್ಲಿ ಬರುವುದು ನೀರಿನಂಥ ಮಲ. ಚರ್ಮ ಸುಡುತ್ತದೆ, ದೇಹದ ನೀರು-ಲವಣ ಕಡಿಮೆಯಾಗಿ ಸುಸ್ತಾಗುತ್ತದೆ. ಮುಂಬೈನ ಏಪ್ರಿಲ್-ಮೇ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗೆ ಇರುವವರು ಇದರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಶಾಶ್ವತ ಚೀಲ ಅಷ್ಟು ಕೆಟ್ಟದ್ದೇ?

ಚೀಲ ಇದ್ದವರ ಬದುಕು ಚೀಲ ಇಲ್ಲದವರ ಬದುಕಿಗಿಂತ ಖಂಡಿತ ಕೆಟ್ಟದಾಗಿರುತ್ತದೆ ಎಂದೇ ಎಲ್ಲರೂ ನಂಬಿದ್ದಾರೆ. ಆದರೆ ಲಭ್ಯ ಅಧ್ಯಯನಗಳನ್ನು ಜರಡಿ ಹಿಡಿದ ಕಾಕ್ರೇನ್ ವಿಮರ್ಶೆ 2005ರಲ್ಲೂ, 2012ರ ಪರಿಷ್ಕರಣೆಯಲ್ಲೂ ಹೇಳಿದ್ದು, ಸ್ನಾಯು ಉಳಿಸಿದವರ ಜೀವನ ಗುಣಮಟ್ಟ ಮೇಲು ಎಂಬ ದೃಢ ತೀರ್ಮಾನಕ್ಕೆ ಬರಲಾಗದು ಎಂದು. ಕೆಳಭಾಗದ ಗಡ್ಡೆಯ ರೋಗಿಗಳಲ್ಲಿ ಕೆಲವರಿಗೆ ಹಿಡಿತವಿಲ್ಲದ ಗುದದ್ವಾರಕ್ಕಿಂತ ಹಿಡಿತದಲ್ಲಿರುವ ಚೀಲವೇ ವಾಸಿ ಎನಿಸಬಹುದು.

ಹಾಗೆಂದು ಚೀಲವೇನೂ ಸುಲಭವಲ್ಲ. ಖರ್ಚು ಪ್ರತಿ ತಿಂಗಳೂ ಇದ್ದೇ ಇರುತ್ತದೆ. ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಆಗಬಹುದು. ದೇವಸ್ಥಾನಕ್ಕೆ, ಮಸೀದಿಗೆ ಹೋಗಬಹುದೇ, ಹಾಸಿಗೆ ಹಂಚಿಕೊಳ್ಳಬಹುದೇ ಎಂಬ ಮುಜುಗರದ ಪ್ರಶ್ನೆಗಳಿಗೆ ಉತ್ತರ ಹೇಳುವವರು ಬೇಕು. ದೊಡ್ಡ ಕರುಳಿನ ಶಾಶ್ವತ ಸ್ಟೋಮಾ ಇದ್ದವರು ನಿಗದಿತ ಸಮಯಕ್ಕೆ ಅದರೊಳಗೆ ನೀರು ಬಿಟ್ಟು ಕರುಳು ಖಾಲಿ ಮಾಡಿಕೊಳ್ಳುವುದನ್ನು ಕಲಿತರೆ, ಬಹುತೇಕ ದಿನವಿಡೀ ನಿಶ್ಚಿಂತೆಯಾಗಿರಬಹುದು. ಚೀಲದ ಖರ್ಚೂ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇರೆಯವರು ಬಾಗಿಲು ಬಡಿಯದ ಬಚ್ಚಲುಮನೆ ಬೇಕು. ಪ್ರಶ್ನೆ ಮತ್ತೆ ಬಂದು ನಿಲ್ಲುವುದು ಶೌಚಾಲಯದ ಹತ್ತಿರವೇ.

ಭಾರತದ ರೋಗಿ: ವಯಸ್ಸು ಕಡಿಮೆ, ಬರುವುದು ತಡ

ವಿಶ್ವದಲ್ಲಿ 2022ರಲ್ಲಿ ಸುಮಾರು 19 ಲಕ್ಷ ಮಂದಿಗೆ ದೊಡ್ಡ ಕರುಳು-ಗುದನಾಳದ ಕ್ಯಾನ್ಸರ್ ಪತ್ತೆಯಾಗಿದೆ. ಭಾರತದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು. ಜನಸಂಖ್ಯೆಗೆ ಹೋಲಿಸಿದರೆ ಇದು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ಟಾಟಾ ಮೆಮೋರಿಯಲ್ ವೈದ್ಯರು 2017ರಲ್ಲಿ ಪ್ರಕಟಿಸಿದ 800 ರೋಗಿಗಳ ವಿಶ್ಲೇಷಣೆಯಲ್ಲಿ ಸರಾಸರಿ ವಯಸ್ಸು 47ರ ಆಸುಪಾಸು. ಪಶ್ಚಿಮದಲ್ಲಿ ಇದು ಹೆಚ್ಚಾಗಿ ಅರುವತ್ತು ದಾಟಿದವರ ಕಾಯಿಲೆ. ನಮ್ಮಲ್ಲಿ ದುಡಿಯುವ ವಯಸ್ಸಿನ, ಮಕ್ಕಳಿನ್ನೂ ಓದುತ್ತಿರುವ ಮನೆಯ ಯಜಮಾನ ಅಥವಾ ಯಜಮಾನಿಯ ಕಾಯಿಲೆ. ಹಾಗಾಗಿ ಬದುಕುಳಿಯುವುದು ಎಷ್ಟು ಮುಖ್ಯವೋ, ಮತ್ತೆ ಕೆಲಸಕ್ಕೆ ಹೋಗುವುದೂ ಅಷ್ಟೇ ಮುಖ್ಯ.

ತಡವಾಗಿ ಬರುವುದಕ್ಕೆ ದೊಡ್ಡ ಕಾರಣ 'ಪೈಲ್ಸ್ ಇರಬೇಕು' ಎಂಬ ಊಹೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಿಂಗಳುಗಟ್ಟಲೆ ಮುಲಾಮು, ಪುಡಿ, ನಾಟಿ ಔಷಧಿ ನಡೆಯುತ್ತದೆ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದರೇ ಕೆಳಭಾಗದ ಗಡ್ಡೆ ಎಷ್ಟೋ ಸಲ ಸಿಗುತ್ತದೆ. ಎರಡು ನಿಮಿಷದ ಈ ಪರೀಕ್ಷೆ ಸಂಕೋಚದಿಂದ ತಪ್ಪಿಹೋಗುತ್ತದೆ. ಗಡ್ಡೆ ಸಣ್ಣದಿದ್ದಾಗ ಸಿಕ್ಕರೆ ಸ್ನಾಯುವೂ ಉಳಿಯುತ್ತದೆ, ಅದರ ಕೆಲಸವೂ ಚೆನ್ನಾಗಿ ಉಳಿಯುತ್ತದೆ. ರಕ್ತಸ್ರಾವ, ಮಲವಿಸರ್ಜನೆಯ ಕ್ರಮ ಬದಲಾಗುವುದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಎನಿಸುವುದು ಎರಡು-ಮೂರು ವಾರ ದಾಟಿದರೆ ಪರೀಕ್ಷೆ ಮಾಡಿಸಲೇಬೇಕು.

ಆಪರೇಷನ್ನೇ ಬೇಡವೇ?

ಈಗ ಮೂರನೇ ದಾರಿಯೂ ತೆರೆದಿದೆ. ಕೀಮೋ-ರೇಡಿಯೇಷನ್‌ನಿಂದಲೇ ಗಡ್ಡೆ ಪೂರ್ತಿ ಕರಗಿದರೆ ಆಪರೇಷನ್ ಮಾಡದೆ ಕಾದು ನೋಡುವುದು. ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಇದರ ಫಲಿತಾಂಶ ಪ್ರಕಟಿಸಿದಾಗ ಅನುಮಾನಪಟ್ಟವರೇ ಹೆಚ್ಚು. 2022ರ ಒಪ್ರಾ ಅಧ್ಯಯನದಲ್ಲಿ, ರೇಡಿಯೇಷನ್ ಮೊದಲು, ಕೀಮೋ ನಂತರ ಎಂಬ ಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೂರು ವರ್ಷದ ನಂತರವೂ ಗುದನಾಳ ಉಳಿಸಿಕೊಂಡಿದ್ದರು. ಅದೇ ವರ್ಷ ನ್ಯೂಯಾರ್ಕ್‌ನಿಂದ ಬಂದ ಡೊಸ್ಟಾರ್ಲಿಮ್ಯಾಬ್ ಔಷಧದ ಸುದ್ದಿಯೂ ಜಗತ್ತಿನ ಗಮನ ಸೆಳೆಯಿತು. ಮೊದಲ 12 ರೋಗಿಗಳಲ್ಲಿ ಎಲ್ಲರಿಗೂ ಗಡ್ಡೆ ಮಾಯವಾಗಿತ್ತು. ಆದರೆ ಅದು ನಿರ್ದಿಷ್ಟ ಜೈವಿಕ ಲಕ್ಷಣವಿರುವ ಗಡ್ಡೆಗಳಿಗೆ ಮಾತ್ರ. ಗುದನಾಳದ ಕ್ಯಾನ್ಸರ್‌ಗಳಲ್ಲಿ ಅಂಥವು ಶೇ. 10ಕ್ಕಿಂತ ಹೆಚ್ಚಿಲ್ಲ.

ಕಾದು ನೋಡುವುದು ಎಂದರೆ ಸುಮ್ಮನೆ ಕೂರುವುದಲ್ಲ. 880 ರೋಗಿಗಳ ಅಂತರರಾಷ್ಟ್ರೀಯ ದಾಖಲೆಯ ಪ್ರಕಾರ ನಾಲ್ವರಲ್ಲಿ ಒಬ್ಬರಿಗೆ ಎರಡು ವರ್ಷದೊಳಗೆ ಗಡ್ಡೆ ಮತ್ತೆ ಬೆಳೆಯುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲಿ ಕೆಲವೇ ತಿಂಗಳಿಗೊಮ್ಮೆ ಬೆರಳು ಪರೀಕ್ಷೆ, ಎಂಡೋಸ್ಕೋಪಿ, ಎಂಆರ್‌ಐ ತಪ್ಪಿಸುವಂತಿಲ್ಲ. ವಿಕ್ರೋಳಿಯವರಿಗೆ ಪರೇಲ್ ಏಳು ನಿಲ್ದಾಣ ದೂರ, ಅದು ಸಾಧ್ಯ. ಚಿಕಿತ್ಸೆ ಮುಗಿಸಿ ಊರಿಗೆ ಮರಳಿ ಐದು ತಿಂಗಳು ನಾಪತ್ತೆಯಾಗುವವರಿಗೆ ಇದು ಅಪಾಯದ ದಾರಿ.

ಆಪರೇಷನ್‌ಗೆ ಸಹಿ ಹಾಕುವ ಮೊದಲು ಕೇಳಬೇಕಾದ್ದು

• ಗಡ್ಡೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ? ಎಂಆರ್‌ಐಯಲ್ಲಿ ಸ್ನಾಯುವಿಗೆ ತಗುಲಿದೆಯೇ?

• ಸ್ನಾಯು ಉಳಿಸಿದರೆ ದಿನಕ್ಕೆ ಎಷ್ಟು ಸಲ ಹೋಗಬೇಕಾಗಬಹುದು, ಎಷ್ಟು ಹೊತ್ತು ತಡೆಯಬಹುದು? ಬ್ರಿಟನ್-ಡೆನ್ಮಾರ್ಕ್ ರೋಗಿಗಳ ಮಾಹಿತಿಯಿಂದ ರೂಪಿಸಿದ ಪೋಲಾರ್ಸ್ ಎಂಬ ಲೆಕ್ಕಾಚಾರ ಇದನ್ನು ಮೊದಲೇ ಅಂದಾಜಿಸಲು ನೆರವಾಗುತ್ತದೆ.

• ತಾತ್ಕಾಲಿಕ ಚೀಲ ಹಾಕುತ್ತೀರಾ? ಯಾವಾಗ ಮುಚ್ಚುತ್ತೀರಿ?

• ಆಪರೇಷನ್ ನಂತರದ ತೊಂದರೆಗೆ ಯಾರನ್ನು ಕಾಣಬೇಕು? ಸ್ಟೋಮಾ ನರ್ಸ್, ಫಿಸಿಯೊಥೆರಪಿ ಸೌಲಭ್ಯ ಇದೆಯೇ?

ಇದರ ಜೊತೆಗೆ ರೋಗಿಯೂ ವೈದ್ಯರಿಗೆ ಹೇಳಬೇಕಾದ ಸಂಗತಿಗಳಿವೆ. ಮನೆಯಲ್ಲಿ ಶೌಚಾಲಯ ಇದೆಯೇ, ಇಲ್ಲದಿದ್ದರೆ ಎಷ್ಟು ದೂರ, ಕೆಲಸ ಯಾವುದು, ಪ್ರಯಾಣ ಎಷ್ಟು ಹೊತ್ತು. ಅಂಕಪಟ್ಟಿ ಕೇಳದ ಈ ಪ್ರಶ್ನೆಗಳ ಉತ್ತರ ಕೆಳಭಾಗದ ಗಡ್ಡೆಯ ವಿಷಯದಲ್ಲಿ ನಿರ್ಧಾರವನ್ನೇ ಬದಲಿಸಬಹುದು.

ತೊಂದರೆ ಬಂದ ಮೇಲೂ ದಾರಿಗಳಿವೆ. ಮಲ ಗಟ್ಟಿ ಮಾಡುವ ಮಾತ್ರೆ, ನಾರಿನಂಶದ ಹೊಂದಾಣಿಕೆ, ಖಾರ-ಎಣ್ಣೆ ಕಡಿಮೆ ಮಾಡುವುದು, ಸೊಂಟದ ತಳದ ಸ್ನಾಯುಗಳ ವ್ಯಾಯಾಮ, ಗುದದ್ವಾರದ ಮೂಲಕ ನೀರು ಬಿಟ್ಟು ಕರುಳು ಖಾಲಿ ಮಾಡಿಕೊಳ್ಳುವುದು, ಆಯ್ದ ಕೆಲವರಿಗೆ ನರ ಪ್ರಚೋದನೆ. ಇವುಗಳಿಂದ ಹಲವರಿಗೆ ಉಪಯೋಗವಾಗುತ್ತದೆ. "ಜೀವ ಉಳಿದಿದೆಯಲ್ಲ, ಇದನ್ನೆಲ್ಲ ಹೇಳಿಕೊಳ್ಳುವುದು ಹೇಗೆ" ಎಂದು ಸುಮ್ಮನಿರುವುದೇ ದೊಡ್ಡ ಅಡ್ಡಿ.

ಯೋಜನೆಗಳ ಲೆಕ್ಕದಲ್ಲಿ ಕಾಣದ ಎರಡು ವರ್ಷ

ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಡಿಸ್ಚಾರ್ಜ್ ನಂತರ ಅದರ ವ್ಯಾಪ್ತಿ 15 ದಿನ. ಆದರೆ ಕರುಳು ಹೊಸ ಕ್ರಮಕ್ಕೆ ಹೊಂದಿಕೊಳ್ಳಲು ಬೇಕಾಗುವುದು ಒಂದರಿಂದ ಎರಡು ವರ್ಷ. ಆ ಅವಧಿಯ ವ್ಯಾಯಾಮ, ಮಾತ್ರೆ, ಪ್ಯಾಡ್, ಓಡಾಟದ ಬಹುಪಾಲು ಹೊರೆ ರೋಗಿಯದ್ದೇ.

2025-26ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಮೊದಲ ವರ್ಷವೇ 200 ಕೇಂದ್ರ ಎಂದು ಘೋಷಿಸಲಾಯಿತು. ಕೀಮೋ ಕೊಡುವುದೇ ಅವುಗಳ ಮುಖ್ಯ ಉದ್ದೇಶ. ಅದೇ ಜಾಗದಲ್ಲಿ ವಾರಕ್ಕೊಂದು ದಿನ ತರಬೇತಾದ ಒಬ್ಬ ಸ್ಟೋಮಾ ನರ್ಸ್, ಒಬ್ಬ ಫಿಸಿಯೊಥೆರಪಿಸ್ಟ್ ಕುಳಿತರೆ, ಆ ಐದು ಪ್ರಶ್ನೆಗಳನ್ನು ರೋಗಿಯ ಭಾಷೆಯಲ್ಲಿ ಕೇಳಿ ಬರೆದಿಟ್ಟರೆ, ಉಡುಪಿಯ ರೋಗಿ ಇದಕ್ಕಾಗಿ ಮುಂಬೈಗೆ ಬರಬೇಕಿಲ್ಲ. ಇದಕ್ಕೆ ದುಬಾರಿ ಯಂತ್ರ ಬೇಡ. ಮುಂಬೈಯಲ್ಲಿ ಸ್ಟೋಮಾ ರೋಗಿಗಳ ನೆರವಿಗೆ ಆಸ್ಟೊಮಿ ಅಸೋಸಿಯೇಷನ್ ಆಫ್ ಇಂಡಿಯಾದಂಥ ಸಂಸ್ಥೆ ಇದೆ. ಸ್ನಾಯು ಉಳಿದು ಹಿಡಿತ ಕಳೆದುಕೊಂಡವರಿಗೂ ಅಂಥ ಆಸರೆ ಬೇಕು.

ಸ್ನಾಯು ಉಳಿಸುವ ಶಸ್ತ್ರಚಿಕಿತ್ಸೆ ದೊಡ್ಡ ಸಾಧನೆ, ಅನುಮಾನವಿಲ್ಲ. ಸರಿಯಾದ ರೋಗಿಗೆ ಅದು ಸಿಗಲೇಬೇಕು. ಆದರೆ ಎಷ್ಟು ಮಂದಿಗೆ ಚೀಲ ತಪ್ಪಿಸಿದೆವು ಎಂಬ ಸಂಖ್ಯೆಯ ಪಕ್ಕದಲ್ಲೇ, ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ನಿಶ್ಚಿಂತೆಯಿಂದ ಲೋಕಲ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬ ಸಂಖ್ಯೆಯೂ ಇರಬೇಕು. ಪಾರ್ಕ್‌ಸೈಟ್‌ನ ಗುಡ್ಡದ ಮೆಟ್ಟಿಲಿನ ಮನೆಗಳಿಗೆ ಚಿಕಿತ್ಸೆ ಫಲಿಸಿತೇ ಎಂದು ಗೊತ್ತಾಗುವುದು ಆ ಎರಡನೇ ಸಂಖ್ಯೆಯಿಂದ.